ಹಲಗೆ ಉರಿದು ಬೀಳುವಷ್ಟು ಹೊತ್ತು

ಸಂಪಗಾಂವದ ಮಾಸ್ತರರು ಬೈಲಹೊಂಗಲದ ನಮ್ಮ ಕಟ್ಟಿಗೆ ಅಂಗಡಿಗೆ ಬಂದು ಹಲಗೆಯ ಒಂದು ತುಂಡು ಕೇಳಿದರು. ಅಂಗಳದಲ್ಲಿ ಅದನ್ನು ಕಲ್ಲಿಗೆ ಆನಿಸಿ ನಿಲ್ಲಿಸಿ, ಬುಡಕ್ಕೆ ಬೆಂಕಿ ಹಚ್ಚಿ, ಗಡಿಯಾರ ಹಿಡಿದು ಕುಳಿತರು.

ಆಗ ನಮ್ಮೂರು ಮುಂಬೈ ರಾಜ್ಯದಲ್ಲಿತ್ತು. ಮುಂಬೈ ಪಟ್ಟಣದಿಂದ ಬರುತ್ತಿದ್ದ, ನಾರು ಒತ್ತಿ ಮಾಡಿದ ಹೊಸ ನಮೂನೆಯ ಹಲಗೆ ಅದು. ಮಾಸ್ತರರು ಅಡುಗೆಮನೆಗೆ ಅಡ್ಡಗೋಡೆ ಮಾಡಿಸಲು ಅದನ್ನೇ ಒಯ್ದಿದ್ದರು. "ಲಗೂ ಉರಿ ಹತ್ತೂದಿಲ್ರಿ" ಎಂದು ಹೇಳಿ ಕೊಟ್ಟವನು ನಾನೇ. ಹದಿನೈದು ದಿನದ ಹಿಂದೆ ಒಲೆಯ ಕಿಡಿಗೆ ಆ ಗೋಡೆ ಹೊತ್ತಿಕೊಂಡು, ಆಚೆ ಜ್ವರದಲ್ಲಿ ಮಲಗಿದ್ದ ಅವರ ಹೆಂಡತಿ ಸುಟ್ಟು ತೀರಿಕೊಂಡಿದ್ದರು. ಮಾಸ್ತರರು ನೀರಿಗೆಂದು ಬಾವಿಗೆ ಹೋಗಿದ್ದರು.

ತುಂಡು ಕರಿಯಾಗಿ ಕುಸಿಯಿತು.

"ನಾಕ ನಿಮಿಷ ಆತು. ಬಾವಿಗೆ ಹೋಗಿ ಬರ್ಲಿಕ್ಕೆ ನನಗ ಹತ್ತ ಬೇಕು. ಓಡಿ ಬಂದಿದ್ರೂ ಆಕಿ ಸಿಗತಿದ್ದಿಲ್ಲ, ಹೌದಲ್ಲರಿ ಸಾವಕಾರ್ರ?"

"ಸಿಗತಿದ್ದಿಲ್ರಿ ಮಾಸ್ತರ" ಎಂದೆ.

ಅವರು ಕಲ್ಲಿನ ಬುಡದ ಬೂದಿಯನ್ನು ಬದಿಗೆ ಸರಿಸಿದರು. ಆಮೇಲೆ, "ಇನ್ನೊಂದ ತುಂಡ ಕೊಡ್ರಿ" ಎಂದರು.

ಆ ಹಲಗೆ ಮಾರುವುದನ್ನು ಅವತ್ತೇ ಬಿಟ್ಟೆ. ಅಲ್ಲಿಯವರೆಗೆ ಅದರ ಒಂದು ಚೂರನ್ನೂ ನಾನು ಸುಟ್ಟು ನೋಡಿರಲಿಲ್ಲ.