ಗಾದಿಯ ಪಕ್ಕದ ಹಮಾಲ

ನನ್ನ ತಂಗಿ ನಾಗಪುರದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಸಂಜೆ ನಾನು ರೊಟ್ಟಿ ಬಡಿಯುವಾಗ ಅವಳು ಎದುರು ಕುಳಿತು ನಮ್ಮ ಮನೆಮಾತು ಕನ್ನಡದಲ್ಲೇ ತನ್ನ ಕೆಲಸವನ್ನು ವಿವರಿಸುತ್ತಿದ್ದಳು. "ನಿನಗ ತಿಳೀತಂದ್ರ ಯಾರಿಗಾದ್ರೂ ತಿಳೀತೈತಿ" ಎಂದು ಚುಚ್ಚುತ್ತಿದ್ದಳು.

ಆಕ್ಟಿನ್ ಎಂಬ ಪ್ರೋಟೀನು ಜೀವಕೋಶಕ್ಕೆ ಆಕಾರ ಕೊಡುತ್ತದಂತೆ, ಸ್ನಾಯುವನ್ನು ಎಳೆಯುತ್ತದಂತೆ. ಅದು ಕೋಶಕೇಂದ್ರದ ಒಳಗೂ ಹೋಗಿ ಜೀನುಗಳನ್ನು ನಕಲು ಮಾಡುವ ಯಂತ್ರಕ್ಕೆ ನೆರವಾಗುತ್ತದಂತೆ. ಅದನ್ನು ಒಳಗೆ ಹೋಗದಂತೆ ತಡೆದಾಗ ಒಂದು ಜೀನು ಸುಮ್ಮನಾದದ್ದನ್ನೂ, ಮತ್ತೆ ಬಿಟ್ಟಾಗ ಎದ್ದದ್ದನ್ನೂ ಇವಳು ಕಂಡಿದ್ದಳು.

"ಇತವಾರಿ ಪೇಟ್ಯಾಗಿನ ಹಮಾಲರಂಗ ಅಲ್ಲೇನ?" ಎಂದೆ. "ಬೀದ್ಯಾಗ ಚೀಲ ಹೊರೂದಷ್ಟ ಅವರ ಕೆಲಸ ಅಂತೀವಿ. ಅಂವ ಅಂಗಡ್ಯಾಗ ಶೇಟಜಿ ಕೂಡೂ ಗಾದಿ ಹತ್ರ ಬಂದು ಚೀಲ ಬಿಚ್ಚಲಿಲ್ಲಂದ್ರ ಶೇಟಜಿ ಲೆಕ್ಕಾ ಬರ್ಯಾಕ ಪೆನ್ನ ಎತ್ತಂಗಿಲ್ಲ."

"ಬರೋಬರ್ ಅಕ್ಕಾ" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಇನ್ನೊಮ್ಮೆ ಮಾಡಿ ನೋಡೂತನಕ ಯಾರಿಗೂ ಹೇಳಬ್ಯಾಡ. ನಮ್ಮ ಲ್ಯಾಬ್ ನಡಸೂ ಸರ್‌ಗಂತೂ ಬ್ಯಾಡ. ತಮ್ಮದ ಮಾಡ್ಕೋತಾರ."

ಒಂದು ಭಾನುವಾರ ಅದೇ ಸರ್ ಊಟಕ್ಕೆ ಬಂದರು. ತಂಗಿ ಮೊಸರು ತರಲು ಹೋದಾಗ, ಅವಳ ಕೆಲಸ ನಿಮಗೇನಾದರೂ ತಿಳಿಯುತ್ತದೆಯೇ ದೀದಿ ಎಂದು ಹಿಂದಿಯಲ್ಲಿ ನಗುತ್ತ ಕೇಳಿದರು. ಆ ನಗು ನನ್ನನ್ನು ಕೆಣಕಿತು. ಹೇಳಬಾರದೆಂಬುದು ನೆನಪಿತ್ತು. ಆದರೂ ಎಲ್ಲ ಹೇಳಿದೆ, ಹಮಾಲನನ್ನೂ ಸೇರಿಸಿ. ಅವರ ನಗು ನಿಂತಿತು. ತಟ್ಟೆಯಲ್ಲಿಟ್ಟ ಕೈ ಎತ್ತದೆ ಕೇಳಿಸಿಕೊಂಡರು. ಓದಿದವರೊಬ್ಬರು ನನ್ನ ಮಾತನ್ನು ಹಾಗೆ ಕೇಳಿದ್ದು ಅದೇ ಮೊದಲು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, ತಂಗಿ ಹೆಗಲ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಇವತ್ತ ಸಭಾದಾಗ ಸರ್ ನಾ ಕಂಡಿದ್ದ ಜೀನಿನ ಸಂಗತಿ ತಾವ ಕಂಡಿದ್ದಂತ ಹೇಳಿದ್ರು. ಮುಂದಿನ ಕೆಲಸ ಬ್ಯಾರೆಯವ್ರಿಗೆ ಕೊಟ್ಟಾರ. ನಿನ್ನ ಹಮಾಲಂದೂ ಹೇಳಿದ್ರು. ಎಲ್ಲಾರೂ ಚಪ್ಪಾಳಿ ತಟ್ಟಿದ್ರು."

ನನ್ನ ಮಾತಿಗೆ ಚಪ್ಪಾಳೆ ಬಿತ್ತೆಂದು ಮೊದಲ ಕ್ಷಣ ನನಗೆ ಹಿಗ್ಗಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹಿಗ್ಗೂ ಅವಳಿಗೆ ಕಂಡಿತು.

"ಸರ್ ಹಂಗ ಅಂತ ಗೊತ್ತಿತ್ತು" ಎಂದಳು. "ನೀ ಹಿಂಗ ಅಂತ ಗೊತ್ತಿರಲಿಲ್ಲ."

ತಪ್ಪಾಯಿತು ಎಂದು ನಾನು ಆಮೇಲೆ ಎಷ್ಟೋ ಸಲ ಹೇಳಿದ್ದೇನೆ. ಆಯ್ತು ಬಿಡು ಎನ್ನುತ್ತಾಳೆ. ಈಗ ರೊಟ್ಟಿ ಬಡಿಯುವಾಗ ಎದುರು ಕೂರುವುದಿಲ್ಲ. ನಿನ್ನೆ ಊಟಕ್ಕೆ ಬಡಿಸುತ್ತ, ಲ್ಯಾಬಿನಲ್ಲಿ ಈಗ ಏನು ನಡೆದಿದೆ ಎಂದು ಕೇಳಿದೆ. ಎಲ್ಲ ಚೆನ್ನಾಗಿದೆ ಎಂದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ, ಮರಾಠಿಯಲ್ಲಿ.