ಕತ್ತರಿ ಬಿದ್ದ ಜಾಗ

ನಿಂಬೆಹಣ್ಣಿನ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರುತ್ತದಂತೆ. ನನಗೆ ಮೈ ಉರಿಯುತ್ತದೆ. ಇವತ್ತೂ ಬಾಗೇವಾಡಿ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಯಿಂದ ಚೀಲ ಇಸಿದುಕೊಂಡೆ. ತಾಂಬಾದ ಶಾಹೀನ್ ಪ್ರತಿವರ್ಷ ತಮ್ಮ ತೋಟದ ಹಣ್ಣು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ದೂರದ ಊರಿನ ಒಂದೇ ಲ್ಯಾಬಿನಲ್ಲಿ ನಾವಿಬ್ಬರೂ ಸಂಶೋಧನೆಗಿದ್ದೆವು, ನಾನು ಎರಡು ವರ್ಷ ಮುಂದೆ. ಲ್ಯಾಬ್ ಎಂದೊಡನೆ ಗಾಜಿನ ಸೀಸೆ ನೆನೆಯಬೇಡಿ, ಬರೀ ಕಂಪ್ಯೂಟರು. ಅಣುವಿನೊಳಗೆ ಎಲೆಕ್ಟ್ರಾನುಗಳು ಒಂದರ ಹೆಜ್ಜೆ ನೋಡಿ ಇನ್ನೊಂದು ಸರಿಯುತ್ತವೆ. ಇಡೀ ಅಣುವಿನ ಆ ಸರಿದಾಟವನ್ನು ಲೆಕ್ಕ ಹಾಕಹೊರಟರೆ ಎಂಥ ಕಂಪ್ಯೂಟರೂ ಕೈಚೆಲ್ಲುತ್ತದೆ. ಅದಕ್ಕೇ ಮುಖ್ಯವಾದ ತುಣುಕೊಂದಕ್ಕೆ ಸೂಕ್ಷ್ಮ ಲೆಕ್ಕ, ಸುತ್ತಲಿನದಕ್ಕೆ ಒರಟು ಲೆಕ್ಕ. ತುಣುಕನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಎರಡು ಪರಮಾಣುಗಳ ನಡುವಿನ ಬಂಧವನ್ನು ಎಳೆದಂತೆ ಶಕ್ತಿಯ ಗೆರೆ ನುಣುಪಾಗಿ ಏರಬೇಕು. ನಮ್ಮದು ಒಂದು ಕಡೆ ಮುಗ್ಗರಿಸುತ್ತಿತ್ತು. ತಿಂಗಳುಗಟ್ಟಲೆ ನಾನು ಕಂಪ್ಯೂಟರನ್ನೇ ಶಪಿಸಿದೆ, ಜಾಣೆಯಲ್ಲವೇ! ಒಂದು ಮಧ್ಯಾಹ್ನ ಶಾಹೀನ್ ಬಂದು ನಿಂತಳು.

"ಅಕ್ಕಾ, ಕತ್ರಿ ತಪ್ಪು ಬಿದ್ದೈತಿ. ನಮ್ಮಪ್ಪ ಒಂದೊಂದು ನಿಂಬಿಗಿಡದ ಸುತ್ತ ಮಣ್ಣಿನ ಮಡಿ ಕಟ್ಟಿ ನೀರು ಬಿಡ್ತಾನ. ಬೇರು ಮಡಿ ಕೇಳ್ತಾವೇನು? ಬಾಜೂ ಗಿಡದ ತನಕ ಹೋಗಿರ್ತಾವ. ಇಲ್ಲಿ ಜೋಡಿ ಬಂಧ ನಟ್ಟನಡುವ ಕಡದೇವಿ ನೋಡ್ರಿ."

ಲ್ಯಾಬಿನ ಸಭೆಯಲ್ಲಿ ಅವಳು ಇದನ್ನೇ ಹೇಳಿದಾಗ ನಮ್ಮ ಪ್ರೊಫೆಸರರು ನಕ್ಕರು. "ತೋಟದ ಕಥೆ ತೋಟದಲ್ಲಿರಲಿ ಕಣಮ್ಮ." ಆದರೆ ಅವಳು ಹೇಳಿದಂತೆ ಕತ್ತರಿ ಸರಿಸಿದೊಡನೆ ಗೆರೆ ನುಣುಪಾಯಿತು. ಕೆಲವೇ ವಾರಗಳಲ್ಲಿ ಅದೇ ಕಥೆ ಸಂಶೋಧನಾ ಲೇಖನವಾಯಿತು. ಮೊದಲು ಅವರ ಹೆಸರು, ಆಮೇಲೆ ನನ್ನದು. ಶಾಹೀನಳದು ಇಲ್ಲ! "ಅವಳು ಬಾಯಿಗೆ ಬಂದದ್ದು ಹೇಳಿದಳು, ಲೆಕ್ಕ ಮಾಡಿದವರು ನಾವು" ಎಂದು ಒಪ್ಪಿಗೆಪತ್ರ ನನ್ನ ಮುಂದಿಟ್ಟರು. ನಾನು ಸಹಿ ಹಾಕಿದೆ.

ಕಳ್ಳರು ಅವರೊಬ್ಬರೇ ಎಂದು ಇಷ್ಟು ವರ್ಷ ಹಲ್ಲು ಕಡಿದೆ. ಆ ಲೇಖನ ತೋರಿಸಿಯೇ ಕಾಲೇಜಿನ ಈ ನೌಕರಿ ಹಿಡಿದವಳು ನಾನು. ಅವಳು ವರ್ಷದೊಳಗೆ ಲ್ಯಾಬು ಬಿಟ್ಟಳು, ಈಗ ಸಿಂದಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ.

ಮನೆಗೆ ಬಂದು ಫೋನ್ ಮಾಡಿದೆ. "ಹಣ್ಣು ಮುಟ್ಟಿದ್ವು. ಶಾಹೀನ್, ನಿನಗ ಸಿಟ್ಟು ಬರಂಗಿಲ್ಲೇನು?"

"ಬರ್ತೈತಿ ಅಕ್ಕಾ. ಅದಕ್ಕ ಕಳಸ್ತೇನಿ. ನೀವು ಮರೀಬಾರದಲ್ರಿ."

ಲೇಖನ ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರಿಗೆ ಬರೆಯಲು ಕೂತೆ. ತಪ್ಪು ಕಂಡುಹಿಡಿದವಳು ಯಾರು ಎಂದು ಬರೆದೆ, ಗೊತ್ತಿದ್ದೂ ಸಹಿ ಹಾಕಿದವಳು ಯಾರು ಎಂಬುದನ್ನೂ ಬರೆದೆ. ನಿಂಬೆಹಣ್ಣೊಂದನ್ನು ಹೋಳು ಮಾಡಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಪತ್ರ ಮುಗಿಯುವ ತನಕ ಸಿಟ್ಟು ಆರಬಾರದಲ್ಲ.