ಉಪಗ್ರಹಕ್ಕೆ ಹೇಳಿದ ಸುಳ್ಳು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೊಚ್ಚಿಯಲ್ಲಿ ಒಂದು ಸರ್ಕಾರಿ ಹಡಗಿನ ತಾಂತ್ರಿಕ ಸಹಾಯಕನಾಗಿದ್ದೆ. ಕಡಲಿನಲ್ಲಿ ಮೀನು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಬಲೆ ಎಳೆದು ನೋಡುವುದು ಆ ಹಡಗಿನ ಕೆಲಸ. ಎಲ್ಲಿ ಎಳೆದೆವು ಎಂಬುದು ಸರಿಯಾಗಿ ಗೊತ್ತಿಲ್ಲದಿದ್ದರೆ ಎಳೆದದ್ದೆಲ್ಲ ದಂಡ. ಅದಕ್ಕಾಗಿ, ಉಪಗ್ರಹದ ನೆರವಿನಿಂದ ಹಡಗಿನ ಜಾಗ ಹೇಳುವ ಒಂದು ಯಂತ್ರ ಬಂತು. ಯಂತ್ರದ ಹಿಂದೆಯೇ, ತಿರುವನಂತಪುರದ ಕಚೇರಿಯಿಂದ, ನನ್ನ ಹೊಸ ಮೇಲಧಿಕಾರಿ ಬಂದ.

ಆತ ಬೆಂಗಳೂರಿನವ, ಡಾಕ್ಟರೇಟ್ ಪಡೆದವನು. ವಿದೇಶದಲ್ಲಿ ಕೆಲವು ತಿಂಗಳು ತರಬೇತಿ ಪಡೆದು ಬಂದಿದ್ದ. ಅಲ್ಲಿಂದ ಕಲಿತು ತಂದದ್ದು ಪೈಪು ಸೇದುವುದು ಒಂದೇ ಎಂದು ನನಗೆ ವಾರದೊಳಗೆ ಖಾತ್ರಿಯಾಯಿತು. ಯಂತ್ರದ ಜೊತೆ ಬಂದ ದಪ್ಪ ಕೈಪಿಡಿಯನ್ನು ಆತ ಬಿಡಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಅದನ್ನು ತನ್ನ ಮೇಜಿನ ಮೇಲೆ, ಬಂದವರಿಗೆ ಕಾಣುವ ಹಾಗೆ ಇಟ್ಟುಕೊಂಡಿದ್ದ. ಆತ ಊಟಕ್ಕೆ ಹೋದಾಗಲೆಲ್ಲ ನಾನು ಅದನ್ನು ಓದಿದೆ.

ನಮ್ಮ ಸ್ರಾಂಗ್, ಎಂದರೆ ಡೆಕ್ಕಿನ ಆಳುಗಳ ಮುಖ್ಯಸ್ಥ, ವೈಪಿನ್ ದ್ವೀಪದ ಮನುಷ್ಯ. ಮಲಯಾಳ ಬಿಟ್ಟರೆ ಬೇರೆ ಭಾಷೆ ಬಾರದು. ಸೀಸದ ಗುಂಡಿಗೆ ಹಗ್ಗ ಕಟ್ಟಿ ನೀರಿಗೆ ಇಳಿಸಿ, ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ನಾವು ಎಲ್ಲಿದ್ದೇವೆ ಎಂದು ಹೇಳುತ್ತಿದ್ದ. ಮೇಲಧಿಕಾರಿ ಅವನನ್ನು "ನಮ್ಮ ಪಂಚಾಂಗದವನು" ಎಂದು ನನ್ನ ಬಳಿ ಕನ್ನಡದಲ್ಲಿ ಗೇಲಿ ಮಾಡುತ್ತಿದ್ದ, ಅವನಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ.

ಸ್ರಾಂಗ್ ಒಂದು ಮಧ್ಯಾಹ್ನ ನನ್ನನ್ನು ಕೇಳಿದ, "ನಾವು ಎಲ್ಲಿದ್ದೇವೆ ಅಂತ ಈ ಪೆಟ್ಟಿಗೆಗೆ ಹೇಗೆ ತಿಳಿಯುತ್ತದೆ ಸಾರೇ?" ಬಂದರಿನ ಹಳಿಯ ಮೇಲೆ ಆಗತಾನೇ ಒಂದು ಎಂಜಿನ್ ಕೂಗುತ್ತ ಹೋಗಿತ್ತು. ಅದನ್ನೇ ಹಿಡಿದುಕೊಂಡು ಹೇಳಿದೆ. ಎಂಜಿನ್ ಹತ್ತಿರ ಬರುವಾಗ ಕೂಗು ಚೂಪು, ದಾಟಿದ ಮೇಲೆ ದಪ್ಪ. ಹಳಿಯ ಪಕ್ಕ ನಿಂತವನಿಗೆ ಆ ಬದಲಾವಣೆ ಥಟ್ಟನೆ ಕೇಳುತ್ತದೆ, ದೂರ ನಿಂತವನಿಗೆ ನಿಧಾನವಾಗಿ. ಉಪಗ್ರಹ ಮೇಲೆ ಹಾದುಹೋಗುವಾಗ ಅದರ ರೇಡಿಯೋ ಕೂಗೂ ಹೀಗೆಯೇ ಇಳಿಯುತ್ತದೆ. ತಾನು ಈ ಗಳಿಗೆ ಎಲ್ಲಿದ್ದೇನೆ ಎಂಬುದನ್ನೂ ಅದೇ ಕೂಗಿನಲ್ಲಿ ಹೇಳುತ್ತ ಹೋಗುತ್ತದೆ. ಎರಡನ್ನೂ ಕೂಡಿಸಿ ಪೆಟ್ಟಿಗೆ ನಮ್ಮ ಜಾಗವನ್ನು ಲೆಕ್ಕ ಹಾಕುತ್ತದೆ. ಮುಂದಿನ ಉಪಗ್ರಹ ಬರುವವರೆಗೆ ಗಂಟೆಗಟ್ಟಲೆ ಕಾಯಬೇಕು.

ಅವನು ಬೀಡಿ ಎಳೆಯುತ್ತ ಯೋಚಿಸಿದ. "ಸರಿ. ನಾನೂ ಹಳಿಯ ಪಕ್ಕ ಓಡುತ್ತಿದ್ದರೆ? ಆಗ ಕೂಗು ಬೇರೆ ಥರ ಕೇಳುವುದಿಲ್ಲವಾ?"

ಕೈಪಿಡಿಯಲ್ಲಿ ಒಂದು ಇಡೀ ಅಧ್ಯಾಯ ಇದ್ದದ್ದು ಈ ಪ್ರಶ್ನೆಯ ಮೇಲೆಯೇ. ಹಡಗು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದನ್ನು ನಾವು ಯಂತ್ರಕ್ಕೆ ತಿಳಿಸಬೇಕು. ತಪ್ಪು ತಿಳಿಸಿದರೆ ಅದು ತಪ್ಪು ಜಾಗವನ್ನು ಅಷ್ಟೇ ಠೀವಿಯಿಂದ ಅಚ್ಚು ಹಾಕಿಕೊಡುತ್ತದೆ. ಏಳನೆಯ ತರಗತಿ ಓದಿದ ಸ್ರಾಂಗ್‌ಗೆ ಅರ್ಧ ಬೀಡಿಯಲ್ಲಿ ಹೊಳೆದದ್ದು ಡಾಕ್ಟರೇಟ್ ಪಡೆದವನಿಗೆ ಕೊನೆಯವರೆಗೂ ಹೊಳೆಯಲಿಲ್ಲ.

ಮೊದಲ ಯಾನದಲ್ಲಿ ನಾವು ಉತ್ತರಕ್ಕೆ ಹೊರಟೆವು. ಮೇಲಧಿಕಾರಿ ಯಂತ್ರದಲ್ಲಿ ವೇಗ ಗಂಟೆಗೆ ಹತ್ತು ಮೈಲಿ ಎಂದು ಒತ್ತಿದ, ಹಡಗಿನ ಕಾಗದಪತ್ರದಲ್ಲಿ ಹಾಗೆ ಬರೆದಿತ್ತೆಂದು. ಎದುರು ಪ್ರವಾಹದಲ್ಲಿ ಆ ಮುದಿ ಹಡಗು ಆರರ ಮೇಲೆ ಹೋಗುತ್ತಿರಲಿಲ್ಲ.

"ಸಾರ್, ವೇಗ ಆರು ಅಂತ ಹಾಕ್ಬೇಕಲ್ವಾ?" ಎಂದೆ.

"ಏನಯ್ಯಾ, ಉಪಗ್ರಹಕ್ಕೆ ನಾವು ಹೇಳಿಕೊಡೋದಾ? ಅದು ನಮಗೆ ಹೇಳಬೇಕು ಕಣಯ್ಯಾ," ಎಂದು ನಕ್ಕ. ನಾನು ನನ್ನ ಕೆಲಸಕ್ಕೆ ಮರಳಿದೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಉಪಗ್ರಹವೊಂದು ಹಾದುಹೋಯಿತು. ಯಂತ್ರ ಕಟಕಟನೆ ಅಚ್ಚು ಹಾಕಿತು. ಆ ಲೆಕ್ಕದ ಪ್ರಕಾರ ನಾವು ಒಳ್ಳೆಯ ಮರಳು ತಳದ ಮೇಲಿದ್ದೆವು. ಸ್ರಾಂಗ್ ಸೀಸದ ಗುಂಡು ಇಳಿಸಿ ಎತ್ತಿ, ಬೆರಳು ಉಜ್ಜಿ, ಓಡಿಬಂದ.

"ಚೆಳಿಯಾಣ್ ಸಾರೇ, ಮಣಲಲ್ಲ!" ಇದು ಕೆಸರು, ಮರಳಲ್ಲ. ಪಕ್ಕದಲ್ಲೇ ಬಂಡೆ ಇದೆ, ಇಲ್ಲಿ ಬಲೆ ಬೇಡ ಎಂದ.

ನಾನು ಅದನ್ನು ಕನ್ನಡದಲ್ಲಿ ಮೇಲಧಿಕಾರಿಗೆ ಹೇಳಿದೆ. ಆತ ಅಚ್ಚಾದ ಕಾಗದವನ್ನು ಸ್ರಾಂಗ್‌ನ ಮೂಗಿನ ಮುಂದೆ ಆಡಿಸಿ, ಬಲೆ ಇಳಿಸಲು ಅಪ್ಪಣೆ ಮಾಡಿದ. ಉತ್ತರಕ್ಕೆ ಹೋಗುವಾಗ ವೇಗ ತಪ್ಪಿದರೆ ಲೆಕ್ಕ ಪೂರ್ವಕ್ಕೋ ಪಶ್ಚಿಮಕ್ಕೋ ಸರಿಯುತ್ತದೆ. ನಮ್ಮದು ಮುಕ್ಕಾಲು ಮೈಲಿ ಸರಿದಿತ್ತು. ಅರ್ಧ ಗಂಟೆಯೊಳಗೆ ಬಲೆ ಬಂಡೆಗೆ ಸಿಕ್ಕಿತು. ಹಡಗು ಒಮ್ಮೆ ಹಿಂದಕ್ಕೆ ಜಗ್ಗಿತು. ಬಲೆಯ ಉಕ್ಕಿನ ಹಗ್ಗ ಹರಿದು ಚಾಟಿಯಂತೆ ಬಂದು ಸ್ರಾಂಗ್‌ನ ಬಲಗೈಗೆ ಬಡಿಯಿತು. ಮೂಳೆ ಮುರಿದ ಸದ್ದು ನನಗೆ ಎಂಜಿನ್ನಿನ ಗದ್ದಲದಲ್ಲೂ ಕೇಳಿಸಿತು. ಮೇಲಧಿಕಾರಿ ತನ್ನ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡ.

ದಡಕ್ಕೆ ಬಂದ ಮೇಲೆ ಆತ ಮಾಡಿದ ಮೊದಲ ಕೆಲಸ ವರದಿ ಬರೆದದ್ದು. ತಾನು ಹೇಳಿದ ದಿಕ್ಕಿನಲ್ಲಿ ಸ್ರಾಂಗ್ ಹಡಗು ನಡೆಸಲಿಲ್ಲ, ಅದೇ ಕಾರಣ ಎಂದು. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವನಿಗೆ ತಪ್ಪಿಗೆ ಉತ್ತರ ಕೇಳಿ ಇಂಗ್ಲಿಷಿನಲ್ಲಿ ಒಂದು ಮೆಮೊ ಹೋಯಿತು. ಅವನು ಅದನ್ನು ಎಡಗೈಯಲ್ಲಿ ಹಿಡಿದು, ನನ್ನಿಂದ ಓದಿಸಿಕೊಂಡ.

ವಿಚಾರಣೆ ತಿರುವನಂತಪುರದಲ್ಲಿ. ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಕಂಕುಳಲ್ಲಿ ಒಂದು ಸುರುಳಿ ಇಟ್ಟುಕೊಂಡು ಹೋದೆ. ಮೇಜಿನಾಚೆ ಮೂವರು ಹಿರಿಯರು. ಮೇಲಧಿಕಾರಿ ಸುಶ್ರಾವ್ಯವಾದ ಇಂಗ್ಲಿಷಿನಲ್ಲಿ ಹೇಳಿದ, "ಉಪಗ್ರಹ ಸುಳ್ಳು ಹೇಳುವುದಿಲ್ಲ, ಮಹನೀಯರೇ."

ನನ್ನ ಸರದಿ ಬಂದಾಗ ಸುರುಳಿ ಬಿಡಿಸಿದೆ. ಯಂತ್ರ ಅಚ್ಚು ಹಾಕಿದ ಕಾಗದ. ಪ್ರತಿ ಲೆಕ್ಕದ ಕೆಳಗೂ ಹಡಗಿನ ವೇಗ: ಹತ್ತು, ಹತ್ತು, ಹತ್ತು. ಅದರ ಪಕ್ಕ ಹಡಗಿನ ದಿನಚರಿ ಇಟ್ಟೆ. ಅದರಲ್ಲಿ ಪ್ರತಿ ಗಂಟೆಗೂ ಆರು.

"ಈ ಹತ್ತನ್ನು ಹಾಕಿದವರು ಯಾರು?" ಎಂದು ಅಧ್ಯಕ್ಷರು ಕೇಳಿದರು.

"ಯಂತ್ರದಲ್ಲಿ ಮೊದಲೇ ಇತ್ತು," ಎಂದ ಮೇಲಧಿಕಾರಿ. ಹಿರಿಯರಲ್ಲೊಬ್ಬರು ಕನ್ನಡಕ ತೆಗೆದು ಕಿಟಕಿಯ ಕಡೆ ನೋಡಿದರು, ನಗು ತಡೆಯಲು ಎಂದು ಕಾಣುತ್ತದೆ.

ಹೊರಗೆ ವರಾಂಡದಲ್ಲಿ ಆತ ನನ್ನ ತೋಳು ಹಿಡಿದು ಪಿಸುಗುಟ್ಟಿದ, "ಕನ್ನಡದವನಾಗಿ ನನ್ನ ಮಾನ ತೆಗೆದೆಯಲ್ಲಯ್ಯಾ!" ಆವರೆಗೆ ಒಂದು ದಿನವೂ ಆತನಿಗೆ ನಾನು ಕನ್ನಡದವನೆಂಬುದು ನೆನಪಾದದ್ದಿಲ್ಲ, ಗೇಲಿಗೆ ಜೊತೆ ಬೇಕಾದಾಗ ಬಿಟ್ಟರೆ.

ಮೆಮೊ ರದ್ದಾಯಿತು. ಆತನಿಗೆ ದೆಹಲಿಗೆ ವರ್ಗವಾಯಿತು, ಬಡ್ತಿಯ ಮೇಲೆ. ಅಲ್ಲಿ ಹಡಗುಗಳಿಲ್ಲವೆಂಬುದೊಂದೇ ಸಮಾಧಾನ.

ಸುದ್ದಿ ಹೇಳಲು ದೋಣಿ ದಾಟಿ ವೈಪಿನ್‌ನಲ್ಲಿ ಸ್ರಾಂಗ್‌ನ ಮನೆಗೆ ಹೋದೆ. ಖುಷಿಪಡುತ್ತಾನೆ, ಕೈ ಹಿಡಿದು ಕೃತಜ್ಞತೆ ಹೇಳುತ್ತಾನೆ ಎಂದೆಲ್ಲ ಅಂದುಕೊಂಡಿದ್ದೆ. ಅವನ ಕೈ ಪ್ಲಾಸ್ಟರಿನಿಂದ ಹೊರಬಂದಿತ್ತು, ಆದರೆ ಮಣಿಕಟ್ಟು ತಿರುಗುತ್ತಿರಲಿಲ್ಲ. ಇನ್ನು ದಡದ ಉಗ್ರಾಣದಲ್ಲಿ ಕೆಲಸವಂತೆ. ಎಲ್ಲ ಕೇಳಿಸಿಕೊಂಡು, ಸಿಟ್ಟಿಲ್ಲದೆ ಕೇಳಿದ:

"ಹತ್ತು ಅಂತ ಹಾಕಿದ್ದು ನಿಮಗೆ ಅವತ್ತೇ ಗೊತ್ತಿತ್ತಾ ಸಾರೇ?"

"ಗೊತ್ತಿತ್ತು. ಒಮ್ಮೆ ಹೇಳಿದೆ."

"ಒಮ್ಮೆ," ಎಂದ ಅವನು.

ಅವನ ಹೆಂಡತಿ ಹಾಲಿಲ್ಲದ ಚಹಾ ತಂದಿಟ್ಟಳು. ಅವನು ನನ್ನ ಲೋಟವನ್ನು ಎಡಗೈಯಲ್ಲಿ ನನ್ನ ಕಡೆ ಸರಿಸಿದ.